ಆರು ಗಂಟೆಯ ಇಲಿ

ಥಂಡರ್ ಬೇ, ಫೆಬ್ರವರಿ. ಹೊರಗೆ ಮೈನಸ್ ಇಪ್ಪತ್ತೇಳು.
ವ್ಯಾನಿನ ಬಾಗಿಲು ಹಿಮಕ್ಕೆ ಅಂಟಿ, ಮೊಣಕೈಯಿಂದ ಗುದ್ದಿ ತೆರೆದೆ.
ಮೇಲ್ಮನೆಯ ವೇಯ್ಕೊ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಅರ್ಧ ಮನೆ ಸತ್ತಿದೆ. ಕೆಳಗಿನವನದೇ ಕೆಲಸ."

ಕೆಳಗಿನವನೆಂದರೆ ತೈಸ್ತೊ, ಒಡಹುಟ್ಟಿದವನು.
ಅಪ್ಪ ಕಟ್ಟಿದ ಮನೆಯನ್ನು ಅಡ್ಡಡ್ಡ ಪಾಲು ಮಾಡಿಕೊಂಡು
ಹನ್ನೊಂದು ವರ್ಷ. ಕಾರಣ ಒಂದು ದೋಣಿಯ ಮೋಟಾರು
ಅನ್ನುತ್ತಾರೆ ಬೀದಿಯವರು. ನಾನು ಕೇಳಿಲ್ಲ.
ಕರೆಂಟಿನವಳಿಗೆ ಅದೆಲ್ಲ ಯಾಕೆ?

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ.
ಬಲ್ಬು ಬದಲಿಸಿದೆ. ನೆಲಮಾಳಿಗೆಗಿಳಿದು
ಬ್ರೇಕರುಗಳ ಸಾಲಿನ ಮೇಲೆ ಬೆರಳಾಡಿಸಿದೆ.
ಪಕ್ಕದಲ್ಲಿ ಅವರಮ್ಮನ ಪೆನ್ಸಿಲ್ ಅಕ್ಷರ:
ಸೌನಾ. ಒಲೆ. ಹುಡುಗರ ಕೋಣೆ.
ಯಾವುದೂ ಬಿದ್ದಿರಲಿಲ್ಲ. ಆದರೂ ಏಳನೆಯದನ್ನು
ಪೂರ್ತಿ ಆರಿಸಿ ಮತ್ತೆ ಹಾಕಿದೆ.
ಮೇಲಿಂದ ಕೂಗು: "ಇಲ್ಲ!"
ಸಿಂಕಿನ ಪಕ್ಕದ ಸಾಕೆಟ್ಟಿನ ಕೆಂಪು ಗುಂಡಿ ಒತ್ತಿದೆ.
"ಇಲ್ಲ!"
ಆ ಪದ ಹೇಳಲು ಅವನಿಗೆ ಏನೋ ಖುಷಿ.

ಸತ್ತ ಸಾಕೆಟ್ಟಿಗೆ ಟೆಸ್ಟರು ಚುಚ್ಚಿದರೆ
ಟೆಸ್ಟರು ಉರಿಯಿತು. ದೀಪ ಚುಚ್ಚಿದರೆ ದೀಪ ಉರಿಯದು.
"ಇದೇನು ಮಾಟ?" ಅಂದ ವೇಯ್ಕೊ.
ಮಾಟವಲ್ಲ. ಫೇಸು ಬಂದಿದೆ, ನ್ಯೂಟ್ರಲ್ ಕಡಿದಿದೆ.
ಬರಲು ದಾರಿಯುಂಟು, ಮರಳಲು ಇಲ್ಲ.
ಮರಳುವ ದಾರಿ ಮುಚ್ಚಿದರೆ ಕರೆಂಟು
ಹೊಸಿಲಲ್ಲೇ ನಿಂತುಬಿಡುತ್ತದೆ, ಉಸಿರು ಕಟ್ಟಿ.
ದುಡಿಯಲಾರದು. ಮುಟ್ಟಿದವರನ್ನು ಮಾತ್ರ ಕೊಂದೀತು.

ಮೂವತ್ತು ವರ್ಷ ಗೋಡೆ ಕೆದಕಿ ಕಲಿತದ್ದೊಂದು:
ಸತ್ತದ್ದನ್ನೇ ಬಿಚ್ಚುತ್ತ ಕೂರಬೇಡ,
ಅದಕ್ಕೂ ಹಿಂದೆ, ಇನ್ನೂ ಬದುಕಿರುವ ಕೊನೆಯದರ
ಬೆನ್ನು ನೋಡು.
ಅದು ಇದ್ದದ್ದು ಕೆಳಗೆ, ತೈಸ್ತೊನ ಸೋಫಾದ ಹಿಂದೆ.

ಅವನು ನಾಲ್ಕು ಬೆರಳಷ್ಟು ಬಾಗಿಲು ತೆರೆದ.
"ನನ್ನದು ಸರಿಯಾಗಿದೆ. ರೇಡಿಯೋ ಹಾಡುತ್ತಿದೆ."
ಅದಕ್ಕೇ ಬಂದೆ ಅಂದೆ.
ಅರ್ಥವಾಗದೆ, ಬೂಟು ಕಳಚು ಅಂದ.

ಸೋಫಾ ಎಳೆದರೆ ಒಂದು ಇಲಿಬೋನು,
ಅದರಲ್ಲಿ ಕಲ್ಲಾದ ಚೀಸು.
"ನವೆಂಬರಿನಿಂದ ಗೋಡೆಯೊಳಗೆ ಚಟ್ ಚಟ್.
ಬಲು ಶಿಸ್ತಿನ ಇಲಿ. ಬೆಳಿಗ್ಗೆ ಆರಕ್ಕೆ ಶುರು,
ಆರೂ ಹತ್ತಕ್ಕೆ ಬಂದ್. ಭಾನುವಾರ ಮಾತ್ರ ಏಳಕ್ಕೆ."

ಏಳನೆಯದನ್ನು ಆರಿಸಿ, ಟೆಸ್ಟರನ್ನು ಎರಡು ಸಲ ಕೇಳಿ,
ಸ್ಕ್ರೂ ಬಿಚ್ಚಿ ಸಾಕೆಟ್ಟನ್ನು ಹೊರಗೆಳೆದೆ.
ಮೇಲಕ್ಕೆ ಹೋಗುವ ಬಿಳಿ ತಂತಿಯ ತುದಿ ಕಪ್ಪು,
ಪ್ಲಾಸ್ಟಿಕ್ಕು ಮೇಪಲ್ ಪಾಕದಂತೆ ಜಿನುಗಿ ಗಟ್ಟಿಯಾಗಿತ್ತು.
ಎಂದೋ ಯಾರೋ ಅವಸರದವನು
ಸ್ಕ್ರೂ ಬಿಗಿಯುವ ಬದಲು ಹಿಂದಿನ ತೂತಿಗೆ
ತಂತಿ ತುರುಕಿ ಊಟಕ್ಕೆ ಹೋಗಿದ್ದಾನೆ.
ಹಿಡಿತ ಸಡಿಲಿ, ಮೇಲೆ ಹೊರೆ ಬಿದ್ದಾಗೆಲ್ಲ ಕಿಡಿ.
ಇನ್ನೊಂದು ತಿಂಗಳು ಬಿಟ್ಟಿದ್ದರೆ ಕೆಳಗೂ ಇಲ್ಲ, ಮೇಲೂ ಇಲ್ಲ.

"ಆರಕ್ಕೆ ಮೇಲೆ ಏನು ನಡೆಯುತ್ತದೆ?" ಕೇಳಿದೆ.
ತೈಸ್ತೊ ಚಾವಣಿ ನೋಡಿದ. ಬಹಳ ಹೊತ್ತು ನೋಡಿದ.
"ಕಾಫಿ," ಅಂದ. "ಅಮ್ಮನ ಕಾಲದಿಂದಲೂ ಆರಕ್ಕೇ."
ಆಮೇಲೆ, ಗೋಡೆಗೆ ಹೇಳುವಂತೆ, "ಭಾನುವಾರ ಏಳಕ್ಕೆ."

ಸುಟ್ಟದ್ದನ್ನು ಕತ್ತರಿಸಿ, ಹೊಸ ತಾಮ್ರ ಕಾಣುವವರೆಗೆ ಸುಲಿದು,
ಹೊಸ ಸಾಕೆಟ್ಟಿಗೆ ಸುತ್ತಿ ಬಿಗಿದೆ.
ಬ್ರೇಕರು ಹಾಕಿದಾಗ ಮೇಲಿಂದ ಕೂಗು ಬರಲಿಲ್ಲ.
ಮೆಟ್ಟಿಲ ಮೇಲೆ ಉಣ್ಣೆ ಕಾಲುಚೀಲದ ಸದ್ದು
ಅರ್ಧಕ್ಕೆ ಬಂದು ನಿಂತಿತು.

ಕತ್ತಲು ಮೇಲಿನದು, ಸಾಕೆಟ್ಟು ಕೆಳಗಿನದು, ಬಿಲ್ಲು ಯಾರಿಗೆ?
"ಅವನಿಗೆ ಹಾಕು," ಅಂದಿತು ಮೆಟ್ಟಿಲು.
"ಅವನಿಗೆ ಹಾಕು," ಅಂದ ತೈಸ್ತೊ.
ಹೆಸರಿನ ಜಾಗದಲ್ಲಿ ಮನೆ ನಂಬರು ಬರೆದು ಹರಿದುಕೊಟ್ಟೆ.

ಹೊರಡುವಾಗ ಅಂದೆ: ಇಲಿಯೇ ಇಲ್ಲವಲ್ಲ,
ಬೋನು ಎತ್ತಿಹಾಕಲೇ?
"ಇರಲಿ," ಅಂದ.
ಸ್ವಲ್ಪ ತಡೆದು,
"ನಾಳೆ ಆರಕ್ಕೆ ನೋಡೋಣ."